ಕಮಾನಿಗೆ ಕಟ್ಟಿದ ಉಪ್ಪು

ನಮ್ಮ ಮನೆಯಲ್ಲಿ ಕಲ್ಲುಪ್ಪು ಬೇಗ ಮುಗಿದುಹೋಗುತ್ತದೆ. ಸಕ್ಕರೆ ಮುಗಿದರೆ ಕಾರಣ ನಾನು ಎಂದು ಎಲ್ಲರಿಗೂ ಗೊತ್ತು; ಕಾಫಿಪುಡಿ ಮುಗಿದರೆ ನೆಂಟರ ಮೇಲೆ ಹೊರಿಸಬಹುದು; ಆದರೆ ಉಪ್ಪನ್ನು ಯಾರಾದರೂ ಕದ್ದು ತಿನ್ನುತ್ತಾರೆಯೆ, ನೀವೇ ಹೇಳಿ. ರಕ್ತದೊತ್ತಡದ ನೆಪದಲ್ಲಿ ನನ್ನ ಪಾಲಿನ ಸಾರು ಸಪ್ಪೆಯಾಗಿ ಬಹಳ ಕಾಲವಾಯಿತು, ಉಪ್ಪಿನಕಾಯಿ ಜಾಡಿ ನನ್ನ ಕೈಗೆಟುಕದ ಮೇಲಿನ ಹಲಗೆಗೆ ಬಡ್ತಿ ಪಡೆಯಿತು, ಆದರೂ ಒಲೆಯ ಪಕ್ಕದ ಪಿಂಗಾಣಿ ಭರಣಿಯಲ್ಲಿ ಉಪ್ಪು ಬೇಸಿಗೆಯ ಕೆರೆಯಂತೆ ಇಳಿಯುತ್ತಲೇ ಇತ್ತು. ಈ ವಿಸ್ಮಯವನ್ನು ಒಂದು ದಿನ ಹೆಂಡತಿಯ ಗಮನಕ್ಕೆ ತಂದೆ. "ರೀ, ಉಪ್ಪು ಅಳೆಯೋಕೆ ಕೂತ್ರಾ? ರಿಟೈರಾಗೋಕೆ ಇನ್ನೂ ಟೈಮಿದೆಯಲ್ಲ ನಿಮಗೆ" ಎಂದಳು. ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆ.

ಉಪ್ಪನ್ನು ಸದ್ಯಕ್ಕೆ ಭರಣಿಯಲ್ಲೇ ಬಿಟ್ಟು, ನಮ್ಮ ಗಾಡಿಯ ವಿಚಾರಕ್ಕೆ ಬರುತ್ತೇನೆ. ಎರಡಕ್ಕೂ ಏನು ಸಂಬಂಧವೆಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ಆಗ ನನಗೂ ಗೊತ್ತಿರಲಿಲ್ಲ.

ನಮ್ಮದೊಂದು ಹಳೆಯ ಪಿಕಪ್. ಮಾವನವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಗುಬ್ಬಿಯ ಹೊರಗಿರುವ ಸಸಿಗಳ ನರ್ಸರಿ ಮತ್ತು ಈ ಗಾಡಿ ಎರಡೂ ನನ್ನ ಹೆಂಡತಿ ಮಂಗಳಾಳ ಕೈಗೆ ಬಂದವು. ನಾನು ತುಮಕೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುವವನು. ಸಂಧಿ ಸಮಾಸಗಳನ್ನು ಬಿಡಿಸಬಲ್ಲೆನೇ ಹೊರತು ಕ್ಲಚ್ಚನ್ನು ಹದವಾಗಿ ಬಿಡುವ ವಿದ್ಯೆ ನನಗೆ ಒಲಿಯಲಿಲ್ಲ. ಒಮ್ಮೆ ಪ್ರಯತ್ನಪಟ್ಟೆ. ಅಂದು ಬಿದ್ದ ಗೇಟಿನ ಕಂಬವನ್ನು ಕಟ್ಟಿಸುವಾಗ, ಮುಂದೆ ಎಂದೂ ಬಲಗಡೆಯ ಸೀಟಿಗೆ ಆಸೆಪಡಬಾರದೆಂದು ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಯಿತು, ನನ್ನ ಮತವೂ ಅದರಲ್ಲಿತ್ತು. ಹೀಗಾಗಿ ಮಂಗಳಾ ಗಾಡಿ ಓಡಿಸುತ್ತಾಳೆ, ನಾನು ಎಡಗಡೆ ಕೂತು ದಾರಿಯ ಬೋರ್ಡುಗಳ ಕಾಗುಣಿತ ತಿದ್ದುತ್ತೇನೆ.

ಈ ಏರ್ಪಾಡಿನ ಬಗ್ಗೆ ನಮ್ಮಿಬ್ಬರಿಗೂ ತಕರಾರಿಲ್ಲ. ಊರಿಗೇ ಇನ್ನೂ ಒಗ್ಗಿಲ್ಲ. ಸೀರೆಯುಟ್ಟ ಹೆಂಗಸೊಬ್ಬಳು ತೆಂಗಿನ ಸಸಿ ಹೇರಿದ ಗಾಡಿಯನ್ನು ಗುಬ್ಬಿ ಬಸ್ ಸ್ಟ್ಯಾಂಡಿನ ಮುಂದೆ ಒಂದೇ ಏಟಿಗೆ ತಿರುಗಿಸಿಕೊಂಡು ಹೋಗುವಾಗ ಟೀ ಅಂಗಡಿಯಲ್ಲಿ ಎತ್ತಿದ ಲೋಟಗಳು ಎತ್ತಿದ ಹಾಗೇ ನಿಂತುಬಿಡುತ್ತವೆ. ದಾರಿಯಲ್ಲಿ ಗಾಡಿ ತಡೆಯುವ ಪೊಲೀಸರು ಸ್ಟಿಯರಿಂಗ್ ಹಿಡಿದವಳನ್ನು ಬಿಟ್ಟು, ಸುತ್ತಿ ಬಳಸಿ ನನ್ನ ಕಿಟಕಿಗೆ ಬಂದು ಲೈಸೆನ್ಸ್ ಕೇಳುತ್ತಾರೆ. ನಾನು ಕೈಯನ್ನು ಬಲಕ್ಕೆ ತೋರಿಸುತ್ತೇನೆ. ಅವರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಯಾರ ಬಗ್ಗೆಯೋ ತಿಳಿಯದ ಒಂದು ಕನಿಕರದಿಂದ ಬಿಟ್ಟುಕಳಿಸುತ್ತಾರೆ.

ಈ ನೋಟಗಳನ್ನೆಲ್ಲ ಮನೆಯಲ್ಲೇ ಕೂತು ಅನುಭವಿಸುವವರು ಒಬ್ಬರಿದ್ದರು. ಅವರು ನನ್ನ ಅತ್ತೆ, ಮಂಗಳಾಳ ತಾಯಿ, ಪುಟ್ಟಲಕ್ಷ್ಮಮ್ಮನವರು. ನಮ್ಮ ಜೊತೆಯಲ್ಲೇ ಇದ್ದಾರೆ, ಅಥವಾ ನಿಜ ಹೇಳಬೇಕೆಂದರೆ, ಅವರ ಮನೆಯಲ್ಲಿ ನಾವಿದ್ದೇವೆ. ಮಗಳು ಗಾಡಿ ಓಡಿಸುವುದು ಬೇಡವೆಂದು ಅವರು ಒಂದು ದಿನವೂ ಅಂದವರಲ್ಲ. ಹಾಗೆಂದು ಒಂದು ದಿನವೂ ಆ ಗಾಡಿಯಲ್ಲಿ ಕೂತವರೂ ಅಲ್ಲ. ಎಂಜಿನ್ ಸದ್ದಾದ ಕೂಡಲೇ ಗೇಟಿನ ಹತ್ತಿರ ಬಂದು ನಿಲ್ಲುವರು. ಹುಷಾರು ಎನ್ನುವ ಮಾತೂ ಅವರ ಬಾಯಿಂದ ಬರದು, ಏಕೆಂದರೆ ಹಾಗೆಂದರೆ ಬರುವ ಕೇಡಿಗೆ ನಾವೇ ದಾರಿ ತೋರಿಸಿದ ಹಾಗೆ. ಗಾಡಿ ಎಬ್ಬಿಸಿದ ಧೂಳು ಕೂರುವವರೆಗೂ ಅಲ್ಲೇ ನಿಂತಿದ್ದು, ಒಳಗೆ ಹೋಗಿ, ಆಗಲೇ ಆರಿಸಿಟ್ಟ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಮತ್ತೆ ಆರಿಸತೊಡಗುವರು. ಸಂಜೆ ಹಾರ್ನ್ ಕೇಳಿದ ಮೇಲೇ ಅವರ ಗಂಟಲಲ್ಲಿ ಕಾಫಿ ಇಳಿಯುತ್ತಿದ್ದುದು. ನಮ್ಮ ಮನೆಯ ಅನ್ನದಲ್ಲಿ ಕಲ್ಲು ಸಿಕ್ಕ ನೆನಪೇ ನನಗಿಲ್ಲ.

ಗಾಡಿಗೆ ವಯಸ್ಸಾಗಿತ್ತು. ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಭಾರ ಹೊರುವುದು ಕಮಾನು, ಅಂದರೆ ಬಿಲ್ಲಿನಂತೆ ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದ ಕಟ್ಟು. ಭಾರ ಬಿದ್ದಾಗ ಬಗ್ಗಿ, ಇಳಿದಾಗ ಮತ್ತೆ ಸೆಟೆದು ನಿಲ್ಲುವುದು ಅದರ ಧರ್ಮ. ನಮ್ಮ ಗಾಡಿಯ ಕಮಾನುಗಳು ಬಗ್ಗುವುದನ್ನು ಮಾತ್ರ ನೆನಪಿಟ್ಟುಕೊಂಡು ಸೆಟೆಯುವುದನ್ನು ಮರೆತಿದ್ದವು. ಖಾಲಿ ಇದ್ದಾಗಲೂ ಹಿಂಭಾಗ ನೆಲಕ್ಕೆ ಕುಕ್ಕರಿಸಿ, ಮೂತಿ ಆಕಾಶ ನೋಡುತ್ತಿತ್ತು. ಐವತ್ತು ದಾಟಿದ ಯಾವ ಮನುಷ್ಯನೂ ಇದನ್ನು ನೋಡಿ ನಗಲಾರ. ಬೆಳಗ್ಗೆ ಶೂ ಲೇಸ್ ಕಟ್ಟಲು ಬಗ್ಗಿದ ಮೇಲೆ, ಬಗ್ಗಿದ್ದು ಬಗ್ಗಿಯಾಯಿತು, ಈ ಎತ್ತರದಲ್ಲಿ ಇನ್ನೇನಾದರೂ ಕೆಲಸವಿದ್ದರೆ ಮುಗಿಸಿಯೇ ಏಳೋಣ ಎಂದು ಹುಡುಕುವ ವಯಸ್ಸು ನನ್ನದು.

ಆದರೂ ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಕುಣಿಗಲ್ ಕಡೆಯ ಕೊತ್ತಗೆರೆಯಿಂದ ತೆಂಗಿನ ಸಸಿಗೆ ದೊಡ್ಡ ಆರ್ಡರ್ ಬಂತು. ತೋಟಕ್ಕೆ ಹೋಗುವ ಓಣಿಯ ನಡುವೆ ಟ್ರ್ಯಾಕ್ಟರ್ ಚಕ್ರಗಳು ಬಿಟ್ಟ ಒಂದು ದಿಬ್ಬವಿದೆ. ಹೋದ ಸಲ ಆ ದಿಬ್ಬ ನಮ್ಮ ಗಾಡಿಯ ಹೊಟ್ಟೆಯನ್ನು ಕೆರೆದು ಸೈಲೆನ್ಸರನ್ನು ಅಲ್ಲೇ ಇರಿಸಿಕೊಂಡಿತ್ತು, ನಾವು ಕೊತ್ತಗೆರೆಯಿಂದ ಗುಬ್ಬಿಯವರೆಗೆ ಊರೂರಿಗೂ ಸಾರುತ್ತ ಬಂದಿದ್ದೆವು. ಈ ಸಲ ಹಾಗಾಗಕೂಡದು, ಗಾಡಿಯನ್ನು ಎತ್ತರಿಸಬೇಕು ಎಂದು ಮಂಗಳಾ ನಿರ್ಧರಿಸಿದಳು.

ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದ ಅಂಚಿನಲ್ಲಿ ಚಿಕ್ಕಣ್ಣ ಮೇಸ್ತ್ರಿಯ ಶೆಡ್ಡಿದೆ. ಚಿಕ್ಕಣ್ಣ ಕೈಗಿಂತ ಬಾಯಿಂದ ಹೆಚ್ಚು ರಿಪೇರಿ ಮಾಡುವ ಮನುಷ್ಯ. ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಚಕ್ರಕ್ಕೊಮ್ಮೆ ಒದ್ದು, ಹಳೆಯ ಪಟ್ಟಿಗಳನ್ನು ಬಡಿದು ಮತ್ತೆ ಬಾಗಿಸಿ, ಎರಡೂ ಕಡೆಗೆ ಒಂದೊಂದು ಹೊಸ ಪಟ್ಟಿ ಸೇರಿಸಬೇಕೆಂದು ಅಪ್ಪಣೆ ಕೊಟ್ಟ. "ನಾಲ್ಕ್ ಬೆರಳು ಎತ್ತಿಬಿಟ್ರೆ ಸಾಕು ಅಕ್ಕಾ, ಗಾಡಿ ಒಳ್ಳೆ ಹೋರಿ ನಿಂತಂಗೆ ನಿಂತ್ಕಂತದೆ. ಮೇಷ್ಟ್ರು ಹತ್ತೋಕೆ ಮಾತ್ರ ಏಣಿ ಬೇಕಾಗ್ತದೆ, ಅದು ನನ್ ಜವಾಬ್ದಾರಿ ಅಲ್ಲ" ಎಂದ.

ಸಾಮಾನು ತರುವ ಕೆಲಸ ನನ್ನ ಪಾಲಿಗೆ ಬಂತು. ಶಿರಾ ಗೇಟಿನ ಅಂಗಡಿಯಲ್ಲಿ ಬೋಲ್ಟು, ಬುಷ್ಷುಗಳನ್ನು ಕೈಚೀಲಕ್ಕೆ ತುಂಬಿಸಿಕೊಂಡು, ಬಾಗಿದ ಉಕ್ಕಿನ ಪಟ್ಟಿಯೊಂದನ್ನು ಹೆಗಲಿಗೇರಿಸಿ ರಸ್ತೆ ದಾಟಲು ನಿಂತೆ. ಆ ಟ್ರಾಫಿಕ್ಕಿನಲ್ಲಿ ಬರಿಗೈಯಲ್ಲಿ ದಾಟುವುದೇ ಸಾಹಸ. ಹಳೆಯ ಶಿಷ್ಯನೊಬ್ಬ ಬೈಕ್ ನಿಧಾನಿಸಿ, ನನ್ನನ್ನೂ ನನ್ನ ಹೆಗಲಿನ ಬಿಲ್ಲನ್ನೂ ಭಕ್ತಿಯಿಂದ ನೋಡಿ, "ಪೌರಾಣಿಕ ನಾಟಕಾನಾ ಸಾರ್?" ಎಂದು ಕೇಳಿದ. ಗುಬ್ಬಿಯಲ್ಲಿ ಮನೆಯಿರುವವನನ್ನು ಹಾಗೆ ಕೇಳುವುದು ಅಂಥ ತಪ್ಪೇನಲ್ಲ. ಹೌದಪ್ಪ, ಸಾರಥಿ ಮನೆಯವಳೇ ಎಂದು ಹೇಳಿ ಆಟೋ ಹತ್ತಿದೆ.

ಶೆಡ್ಡಿನಲ್ಲಿ ಗಾಡಿಗೆ ಜಾಕ್ ಕೊಟ್ಟು ಹಿಂಭಾಗ ಎತ್ತಿದರು. ಬಲಗಡೆಯ ಕಮಾನು, ಸೀಮೆಎಣ್ಣೆ ಮತ್ತು ಬೈಗುಳ ಎರಡನ್ನೂ ಸಮಪ್ರಮಾಣದಲ್ಲಿ ಸ್ವೀಕರಿಸಿ, ಕಳಚಿಕೊಂಡಿತು. ಚಿಕ್ಕಣ್ಣ ಎಡಗಡೆಗೆ ಹೊರಳಿ ಗಾಡಿಯ ಕೆಳಗೆ ತೂರಿದ. ತೂರಿದಷ್ಟೇ ವೇಗದಲ್ಲಿ ಹೊರಗೆ ಬಂದ. "ಯಾರೂ ಮುಟ್ಬ್ಯಾಡ್ರಲೇ!" ಎಂದು ಕೂಗಿದ.

ಕಮಾನಿನ ಹಿಂತುದಿಯನ್ನು ಗಾಡಿಯ ಚೌಕಟ್ಟಿಗೆ ತೂಗುಹಾಕಲು ಎರಡು ಕಬ್ಬಿಣದ ತುಂಡುಗಳಿರುತ್ತವೆ. ಅದಕ್ಕೆ ಶ್ಯಾಕಲ್ ಎನ್ನುತ್ತಾರೆ. ತೊಟ್ಟಿಲಿಗೆ ಸರಪಳಿಯಿದ್ದಂತೆ ಕಮಾನಿಗೆ ಅದು. ಎಡಗಡೆಯ ಆ ಶ್ಯಾಕಲ್ಲಿನ ಮೇಲೆ ಕಂದುಬಣ್ಣದ, ಒದ್ದೆಯಾದ, ಬಟ್ಟೆಯ ಮೇಲೆ ಬಟ್ಟೆ ಸುತ್ತಿ ಕರಿದಾರದಿಂದ ಬಿಗಿದ ಒಂದು ಗಂಟು ತೆಂಗಿನಕಾಯಿಯ ಗಾತ್ರದಲ್ಲಿ ನೇತಾಡುತ್ತಿತ್ತು. ಕೆಲಸದವರೆಲ್ಲ ಸ್ಪ್ಯಾನರ್ ಬಿಟ್ಟು ಸುತ್ತ ಸೇರಿದರು. ಚಿಕ್ಕಣ್ಣ ದನಿ ತಗ್ಗಿಸಿ ಮಂಗಳಾಳನ್ನು ಕೇಳಿದ: "ಅಕ್ಕಾ, ನಿಮಗಾಗ್ದೋರು ಯಾರಾದ್ರೂ ಅವ್ರಾ? ಇದು ಮಾಟ ಕಣಕ್ಕಾ. ನಿಂಬೆಹಣ್ ತರಿಸ್ದೆ ನಾನು ಕೈ ಇಕ್ಕಲ್ಲ."

ಮೂಢನಂಬಿಕೆಯ ವಿರುದ್ಧ ನಾನು ತರಗತಿಯಲ್ಲಿ ಆಡುವ ಮಾತುಗಳು ನಮ್ಮ ಶಾಲೆಯ ಕಾಂಪೌಂಡಿನ ಆಚೆಗೂ ಕೇಳಿಸುತ್ತವೆ. ಇದೇ ತಕ್ಕ ಸಮಯವೆಂದು, ಗಂಟಲು ಸರಿಮಾಡಿಕೊಂಡು, ಅಂಗಿಯ ತೋಳು ಮಡಿಸಿ, ಗಾಡಿಯ ಕೆಳಗೆ ಕೈ ಚಾಚಿದೆ. ಕೈ ಒಂದು ಗೇಣು ದೂರದಲ್ಲಿ ತಾನಾಗಿಯೇ ನಿಂತಿತು. ಕೈಗೆ ನಾನು ಎಷ್ಟೋ ಬುದ್ಧಿ ಹೇಳಿದೆ, ಅದು ಕೇಳಲಿಲ್ಲ. ಹಾಗೆ ನಿಂತ ಅವಸ್ಥೆಯಲ್ಲೇ ಗಂಟಿನ ಮೇಲ್ಪದರ ನನ್ನ ಕಣ್ಣಿಗೆ ಬಿತ್ತು. ಕೊಳೆ, ತುಕ್ಕುಗಳ ನಡುವೆ ನೀಲಿ ಮತ್ತು ಬಿಳಿ ಗೆರೆಗಳು ಮಸುಕಾಗಿ ಕಾಣುತ್ತಿದ್ದವು. ಆ ಗೆರೆಗಳನ್ನು ನಾನು ಬಲ್ಲೆ. ಹಿತ್ತಲ ತಂತಿಯಿಂದ ಮಾಯವಾಗಿ, ನಾನು ಕೋತಿಗಳ ಮೇಲೆ ಅನುಮಾನಪಟ್ಟಿದ್ದ ಗೆರೆಗಳು ಅವು.

"ಮಾಟ ಅಲ್ಲ," ಎಂದೆ, "ಅದು ನನ್ನ ಪಟಾಪಟಿ ಚಡ್ಡಿ."

ಯಾರೋ ಹಿಂದಿನಿಂದ, "ಮೇಷ್ಟ್ರ ಚಡ್ಡಿಗೆ ಯಾಕ್ರಲೇ ಮಾಟ ಮಾಡ್ಸಿದ್ರು?" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಮಂಗಳಾ ಮಾತ್ರ ನಗಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಗಂಟನ್ನು ಸೀಳಿದಳು. ನನ್ನ ಚಡ್ಡಿಯ ಒಳಗೆ ಹಳೆಯ ರವಿಕೆಯ ತುಂಡು, ಅದರೊಳಗೆ ದಿಂಬಿನ ಚೀಲ, ಅದರೊಳಗೆ ಇನ್ನೇನೋ. ಪದರ ಪದರದಿಂದಲೂ ಕರಗಿದ ಕಲ್ಲುಪ್ಪು ಕೆಂಪು ನೀರಾಗಿ ಸುರಿಯಿತು. ನಮ್ಮ ಭರಣಿಯ ಉಪ್ಪು ಎಲ್ಲಿ ಹೋಗುತ್ತಿತ್ತೆಂಬುದು ಆಗ ಗೊತ್ತಾಯಿತು. "ಅಮ್ಮ," ಎಂದಳು ಮಂಗಳಾ, ಅಷ್ಟೇ.

ಮಕ್ಕಳಿಗೆ ದೃಷ್ಟಿಯಾದರೆ ಉಪ್ಪು ನಿವಾಳಿಸುವುದು ನಿಮ್ಮ ಮನೆಯಲ್ಲೂ ಉಂಟು. ಒಲೆಯ ಮುಂದೆ ಕೂರಿಸಿ ನಿವಾಳಿಸಬಹುದಾದ ವಯಸ್ಸನ್ನು ದಾಟಿದ, ಊರಿನ ಕಣ್ಣನ್ನೆಲ್ಲ ಮೈಮೇಲೆ ಹಾಕಿಕೊಂಡು ಹೆದ್ದಾರಿಯಲ್ಲಿ ಓಡಾಡುವ ಮಗಳಿಗೆ ತಾಯಿ ಏನು ಮಾಡಬೇಕು? ಪ್ರತಿ ಅಮಾವಾಸ್ಯೆಯ ಬೆಳಗ್ಗೆ, ಮಗಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅತ್ತೆ ಉಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಯಾರ ಕಣ್ಣಿಗೂ ಬೀಳದ ಜಾಗ ನೋಡಿ ಕಟ್ಟಿ ಬರುತ್ತಿದ್ದರು. ದೃಷ್ಟಿ ಹೀರಿದ ಗಂಟನ್ನು ಬಿಚ್ಚುವಂತಿಲ್ಲ, ಅದಕ್ಕೇ ಹಳೆಯದರ ಮೇಲೆ ಹೊಸದು. ಕೈಗೆ ಸಿಕ್ಕ ಬಟ್ಟೆಯಲ್ಲಿ ನನ್ನದೂ ಒಂದು ಸೇರಿದ್ದರೆ, ಅಷ್ಟರಮಟ್ಟಿಗೆ ನಾನೂ ಹೆಂಡತಿಯ ರಕ್ಷಣೆಗೆ ನೆರವಾದೆನೆಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು.

ಆದರೆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಮಾಟವಲ್ಲವೆಂದು ಖಚಿತವಾದ ಮೇಲೆ ಧೈರ್ಯ ಮರಳಿದ ಚಿಕ್ಕಣ್ಣ ಸುತ್ತಿಗೆಯಿಂದ ಶ್ಯಾಕಲ್ಲಿಗೆ ಒಂದು ಏಟು ತಟ್ಟಿದ. ಠಣ್ ಎನ್ನಬೇಕಾದ ಕಬ್ಬಿಣ ಪೊದ್ ಎಂದಿತು. ಇನ್ನೊಂದು ಏಟಿಗೆ ಹಪ್ಪಳದಂತೆ ಮುರಿದು ಕೆಳಗೆ ಬಿತ್ತು. ಎಷ್ಟೋ ಅಮಾವಾಸ್ಯೆಗಳ ಉಪ್ಪುನೀರು ಅದರ ತಿರುಳನ್ನೆಲ್ಲ ತಿಂದು ಸಿಪ್ಪೆ ಉಳಿಸಿತ್ತು. ಚಿಕ್ಕಣ್ಣ ಸುತ್ತಿಗೆ ಕೆಳಗಿಟ್ಟು, "ಲೋಡ್ ಇದ್ದಾಗ ಇದು ಹೋಗಿದ್ರೆ ಗಾಡಿ ಪಲ್ಟಿ ಅಕ್ಕಾ. ಯಾವ್ ಪುಣ್ಯಾನೋ" ಎಂದ. ಹಿಂದಿನ ದಿನವಷ್ಟೇ ಮಂಗಳಾ ಇದೇ ಗಾಡಿಯಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಲಾರಿಗಳ ನಡುವೆ ಬಂದಿದ್ದಳು. ನಾನು ಅಲ್ಲಿದ್ದ ಹಳೆಯ ಟೈರೊಂದರ ಮೇಲೆ ಕೂತುಬಿಟ್ಟೆ.

ಮುರಿದ ಶ್ಯಾಕಲ್ ಬಿತ್ತೇನೋ ಸರಿ, ಅದರ ಪಿನ್ನು ಬರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಗಾದೆ. ಈ ಪಿನ್ನು ಮಣಗಟ್ಟಲೆ ಉಪ್ಪು ತಿಂದು, ಸೀಮೆಎಣ್ಣೆ, ಡೀಸೆಲ್, ಡಬ್ಬಿಯಿಂದ ಚಿಮ್ಮಿಸುವ ಎಣ್ಣೆ ಎಲ್ಲವನ್ನೂ ಕುಡಿದರೂ ಬಾಯಿ ಬಿಡಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಎಲ್ಲರೂ ಜೋತುಬಿದ್ದರು. ನಾನೂ ಕೊನೆಯಲ್ಲಿ ಹಿಡಿದುಕೊಂಡೆ, ಎಳೆದೆನೋ ನೇತಾಡಿದೆನೋ ತಿಳಿಯದು. ಪಿನ್ನಿನ ತಲೆ ಮುರಿಯಿತೇ ಹೊರತು ಮನಸ್ಸು ಕದಲಲಿಲ್ಲ. ಕೊನೆಗೆ ಗ್ಯಾಸಿನ ಬೆಂಕಿಯಿಂದ ಕೆಂಪಗೆ ಕಾಯಿಸಿ, ಕತ್ತರಿಸಿ, ಬಡಿದು ತೆಗೆದರು. ಹೊಸ ಪಟ್ಟಿ, ಹೊಸ ಶ್ಯಾಕಲ್ಲುಗಳೊಂದಿಗೆ ಜಾಕಿನಿಂದ ಇಳಿದ ಗಾಡಿ ನಿಜಕ್ಕೂ ಹೋರಿಯಂತೆಯೇ ನಿಂತಿತು. ಮಂಗಳಾ ಮುರಿದ ತುಂಡನ್ನು ಒಂದು ಹಾಳೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡಳು. ಏಣಿಯಿಲ್ಲದೆ, ಆದರೆ ಘನತೆಯೂ ಇಲ್ಲದೆ, ನಾನು ನನ್ನ ಜಾಗಕ್ಕೆ ಹತ್ತಿದೆ.

ದಾರಿಯುದ್ದಕ್ಕೂ ಯೋಚಿಸಿದೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ. ಆ ಎರಡೂ ಸೇರಿ ಕಬ್ಬಿಣವನ್ನು ಹೀಗೆ ತಿನ್ನಬಹುದೆಂದು ಯಾವ ಮಗುವೂ ಉತ್ತರ ಪತ್ರಿಕೆಯಲ್ಲಿ ಬರೆದಿರಲಿಲ್ಲ. ತುಕ್ಕಿನ ಸ್ವಭಾವ ನೋಡಿ, ಎಲ್ಲರಿಗೂ ಕಾಣುವ ಬಾಗಿಲು, ಬಾನೆಟ್ಟುಗಳ ಮೇಲೆ ಹತ್ತಿದರೆ ಒರೆಸಿ ಬಣ್ಣ ಬಳಿಯುತ್ತೇವೆ. ಕಾಣದ ಕಡೆ, ಅದರಲ್ಲೂ ಎರಡು ವಸ್ತುಗಳು ಕೂಡುವ ಸಂದಿಯಲ್ಲಿ ಕೂತರೆ ಯಾರಿಗೂ ತಿಳಿಯುವುದಿಲ್ಲ. ಸಂಸಾರದ ಭಯಗಳೂ ಹೆಚ್ಚುಕಡಿಮೆ ಅಲ್ಲೇ ಕೂರುತ್ತವೆ. ಅತ್ತೆ ಒಮ್ಮೆ, "ನನಗೆ ಹೆದರಿಕೆಯಾಗ್ತದೆ ಕಣೇ" ಎಂದು ಜೋರಾಗಿ ಹೇಳಿಬಿಟ್ಟಿದ್ದರೆ ಅರ್ಧ ಗಂಟೆ ಜಗಳವಾಗಿ ಮುಗಿಯುತ್ತಿತ್ತು. ಹೇಳಲಿಲ್ಲ, ಗಂಟು ಕಟ್ಟಿದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಸಂಕಟ.

ಈಗ ಇದನ್ನು ಅವರಿಗೆ ಹೇಳುವವರು ಯಾರು? ಹೇಳದಿದ್ದರೆ ಮುಂದಿನ ಅಮಾವಾಸ್ಯೆಗೆ ಹೊಸ ಶ್ಯಾಕಲ್ಲಿಗೆ ಹೊಸ ಗಂಟು ಬೀಳುತ್ತದೆ. ಹೇಳಿದರೆ, ಮಗಳನ್ನು ಕಾಯಲೆಂದು ಕಟ್ಟಿದ್ದೇ ಮಗಳನ್ನು ಕೊಲ್ಲಲಿತ್ತು ಎಂಬ ಮಾತನ್ನು ಆ ಹೆಂಗಸು ತಾಳಿಕೊಳ್ಳಬೇಕು. "ನೀವೇ ಹೇಳ್ರೀ," ಎಂದಳು ಮಂಗಳಾ. "ಅಳಿಯಂದ್ರು ಹೇಳಿದ್ರೆ ಅಮ್ಮ ಬೇಜಾರ್ ಮಾಡ್ಕೊಳಲ್ಲ. ನಯವಾಗಿ ಹೇಳಿ."

ನಯವೆಂದರೆ ನನಗೆ ದೃಷ್ಟಾಂತ. ಎರಡು ಗಾಜಿನ ಲೋಟ ತಂದು, ಒಂದಕ್ಕೆ ಬರೀ ನೀರು, ಒಂದಕ್ಕೆ ಉಪ್ಪುನೀರು ಹುಯ್ದು, ಎರಡಕ್ಕೂ ಒಂದೊಂದು ಹೊಸ ಮೊಳೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ವಿಜ್ಞಾನದ ಮೇಷ್ಟ್ರ ಹೊಟ್ಟೆಯ ಮೇಲೆ ಹೊಡೆಯುವ ಈ ಕೆಲಸದಲ್ಲಿ ನನಗೆ ಒಳಗೊಳಗೇ ಹಿಗ್ಗು. ಅತ್ತೆ ದಿನವೂ ಬಗ್ಗಿ ನೋಡುತ್ತಿದ್ದರು. ಅನುಮಾನದಿಂದಲ್ಲ, ಅಳಿಯ ಕೊನೆಗೂ ಮನೆಗೆಲಸಕ್ಕೆ ಕೈಹಾಕಿದನೆಂಬ ಗೌರವದಿಂದ. ಉಪ್ಪಿನ ಲೋಟ ಕೆಂಪಗಾಗಿ ಮೊಳೆ ಚೆನ್ನಾಗಿ ತುಕ್ಕು ಹಿಡಿದ ದಿನ ಅವರನ್ನು ಕರೆದು, "ಅತ್ತೆ, ಎರಡನ್ನೂ ನೋಡಿ. ಏನನ್ನಿಸುತ್ತೆ?" ಎಂದೆ.

ಅವರು ಬಹಳ ಹೊತ್ತು ನೋಡಿದರು. ಅವರ ಮುಖ ಅರಳಿತು. "ಎಂಥಾ ಶಕ್ತಿ ನೋಡಿ ಅಳಿಯಂದ್ರೇ! ಮೊಳೆ ಒಳ್ಗೆ ಇದ್ದ ಕೆಟ್ಟದ್ದನ್ನೆಲ್ಲ ಉಪ್ಪು ಎಂಗೆ ಎಳ್ದು ಈಚೆಗಾಕೈತೆ! ಬರೀ ನೀರಲ್ಲಿರೋ ಮೊಳೇಲಿ ಹಂಗೇ ಉಳ್ಕಂಡೈತೆ, ಪಾಪ" ಎಂದು, ಎರಡನೆಯ ಲೋಟಕ್ಕೂ ಒಂದು ಹಿಡಿ ಉಪ್ಪು ಹಾಕಿ ಹೋದರು. ನಾನು ಕಿಟಕಿಯ ಮುಂದೆ ನಿಂತೇ ಇದ್ದೆ. ಅವರ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಹೀಗಿರುವಾಗ ಅಮಾವಾಸ್ಯೆ ಬಂತು. ಕೊತ್ತಗೆರೆಗೆ ಸಸಿ ಕಳಿಸಬೇಕಾದ ದಿನವೂ ಅದೇ. ಅಮಾವಾಸ್ಯೆಯ ಪ್ರಯಾಣವೆಂದರೆ ಅತ್ತೆಗೆ ನಡುಕ, ಮಂಗಳಾಳಿಗೆ ಗಿರಾಕಿ ಹೇಳಿದ ದಿನವೇ ಶುಭದಿನ. ಬೆಳಗ್ಗೆಯೇ ಸಸಿಗಳನ್ನು ಹೇರಿಯಾಗಿತ್ತು. ಮಗಳು ಬಚ್ಚಲಿಗೆ ಹೋದದ್ದನ್ನು ನೋಡಿಕೊಂಡು ಅತ್ತೆ ಸೆರಗು ಮುಚ್ಚಿಕೊಂಡು ಅಂಗಳಕ್ಕಿಳಿದರು. ನಾನು ಹಿಂದೆಯೇ ಹೋದೆ. ಗಾಡಿಯ ಹಿಂದೆ ಕೂರಲು ಹೋದವರು ಅರ್ಧಕ್ಕೇ ನಿಂತು, ನನ್ನನ್ನು ಕಂಡು ಅಡಗಿಸುವುದನ್ನೂ ಮರೆತು, "ಎತ್ತರ ಮಾಡ್ಸಿದ್ದು ಎಷ್ಟ್ ಅನುಕೂಲ ಆಯ್ತು ನೋಡಿ! ಮಂಡಿ ಊರೋದೇ ಬ್ಯಾಡ" ಎಂದರು. ಗಾಡಿ ಎತ್ತರಿಸಿದ್ದರಿಂದ ಮೊದಲ ಲಾಭ ಅವರಿಗೇ ಆಗಿತ್ತು.

ಅಷ್ಟರಲ್ಲಿ ಮಂಗಳಾ ಒದ್ದೆಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. ನನ್ನ ನಯದ ಫಲಿತಾಂಶ ಅವಳಿಗೆ ತಿಳಿದಿತ್ತು. ಸೀಟಿನ ಕೆಳಗಿನ ಪೊಟ್ಟಣ ತೆಗೆದು, ಮುರಿದ ಶ್ಯಾಕಲ್ಲನ್ನು ತಾಯಿಯ ಕೈಯಲ್ಲಿಟ್ಟಳು. "ನೀನು ಉಪ್ಪು ಕಟ್ತಿದ್ದೆಯಲ್ಲಮ್ಮ, ಅಲ್ಲಿದ್ದದ್ದು ಇದು. ಉಪ್ಪೇ ತಿಂದಿರೋದು" ಎಂದಳು.

ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳಲ್ಲಿ ಮುಟ್ಟಿದಲ್ಲೆಲ್ಲ ಕಬ್ಬಿಣ ಪುಡಿಯಾಗಿ ಉದುರುತ್ತಿತ್ತು. "ಇದು ದಾರೀಲಿ ಮುರ್ದಿದ್ರೆ?" ಎಂದು ಕೇಳಿದರು.

"ಗಾಡಿ ಮಗುಚ್ಕೊಳ್ತಿತ್ತು."

ಈ ಸಲ ತರ್ಕ ಬರಲಿಲ್ಲ. ಬರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ದೃಷ್ಟಿಯೇ ಕಬ್ಬಿಣ ತಿಂದಿತೆನ್ನಲಿ, ಉಪ್ಪಿಲ್ಲದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತೆನ್ನಲಿ, ನಾನೇ ಮೊದಲು ಹೌದೆನ್ನುತ್ತೇನೆ. ಅವರು ಗಾಡಿಯ ಚಕ್ರಕ್ಕೆ ಒರಗಿ ನಿಂತರು. ಸೆರಗಿನ ಉಪ್ಪು ಜಾರಿ ಅಂಗಳದಲ್ಲಿ ಚೆಲ್ಲಿತು. "ಹಂಗಾರೆ ನಾನೇನ್ ಮಾಡ್ಲವ್ವ?" ಎಂದರು. "ನೀನೇನೋ ಹೊಂಟೋಯ್ತೀಯ. ನೀನು ಹೋದ್ಮೇಲೆ ಸಾಯಂಕಾಲದಗಂಟ ನಾನೇನ್ ಮಾಡ್ಲಿ?"

ಅದು ದೂರಾಗಿರಲಿಲ್ಲ, ನಿಜವಾದ ಪ್ರಶ್ನೆಯಾಗಿತ್ತು. ಮಂಗಳಾ ಅವರನ್ನೇ ನೋಡುತ್ತ ನಿಂತಿದ್ದಳು. ಊರಿನ ಯಾವ ನೋಟಕ್ಕೂ ತಗ್ಗದ ಅವಳ ಕಣ್ಣುಗಳಲ್ಲಿ ನೀರಿತ್ತು. ಆಮೇಲೆ ಎಡಗಡೆಯ ಬಾಗಿಲು ತೆರೆದು, "ಬಾ, ಕೂತ್ಕೋ" ಎಂದಳು.

"ನಾನಾ? ಅಮಾಸೆ ದಿನವಾ?"

"ಇಲ್ಲಿ ಅಕ್ಕಿ ಆರಿಸ್ಕೊಂಡು ಹೆದರೋ ಬದ್ಲು ನನ್ ಪಕ್ಕ ಕೂತು ಹೆದರು. ಬಾ."

ಈಗ ಎದುರಾದದ್ದು ಚಿಕ್ಕಣ್ಣ ಎತ್ತರಿಸಿಕೊಟ್ಟ ನಾಲ್ಕು ಬೆರಳಿನ ಸಮಸ್ಯೆ. ನಮ್ಮ ಕಡೆ ಅತ್ತೆ ಅಳಿಯಂದಿರು ಒಬ್ಬರನ್ನೊಬ್ಬರು ಮುಟ್ಟುವುದಿರಲಿ, ಒಂದೇ ಬೆಂಚಿನ ಮೇಲೆ ಕೂರುವುದೂ ಕಡಿಮೆ. ಕೈಹಿಡಿದು ಎತ್ತುವಂತಿಲ್ಲ, ಹಿಂದಿನಿಂದ ನೂಕುವ ಮಾತಂತೂ ದೂರ. ನಾನು ಅಡುಗೆಮನೆಯ ಸ್ಟೂಲ್ ತಂದಿಟ್ಟು, ಅದು ಅಲುಗದಂತೆ ನೆಲದಲ್ಲಿ ಕೂತು ಹಿಡಿದುಕೊಂಡು, ಮರ್ಯಾದೆಗೆ ಮುಖವನ್ನು ಕಾಂಪೌಂಡಿನ ಕಡೆ ತಿರುಗಿಸಿದೆ. ಅತ್ತೆ ಸ್ಟೂಲ್ ಹತ್ತಿದರು, ಓಲಾಡಿದರು, ಮಂಗಳಾ ಒಳಗಿನಿಂದ ಕೈ ಎಳೆದಳು, ಇವರು ಆಧಾರಕ್ಕೆಂದು ಇನ್ನೊಂದು ಕೈಯನ್ನು ನನ್ನ ತಲೆಯ ಮೇಲೆ ಊರಿ ಪೂರ್ತಿ ಭಾರ ಬಿಟ್ಟರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕತ್ತು ಇನ್ನೂ ನೋಯುತ್ತದೆ.

ಸೀಟು ಹೋದವನಿಗೆ ಸಸಿಗಳ ನಡುವೆ ಜಾಗವಾಯಿತು. ತೆಂಗಿನ ಗರಿಗಳು ಕಿವಿಯಲ್ಲಿ ಆಡುತ್ತಿರಲು ನಾನು ಹಿಂದೆ ಕುಕ್ಕರಿಸಿ, ಕ್ಯಾಬಿನ್ನಿನ ಹಿಂಗಾಜಿನಿಂದ ಅವರಿಬ್ಬರನ್ನು ನೋಡುತ್ತ ಹೋದೆ. ತುಮಕೂರು ದಾಟುವವರೆಗೂ ಅತ್ತೆ ಎದುರಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕಣ್ಣುಮುಚ್ಚಿ ಏನೋ ಜಪಿಸುತ್ತಿದ್ದರು. ಕುಣಿಗಲ್ ರಸ್ತೆಗೆ ಬಿದ್ದ ಮೇಲೆ ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು. ಹೆಬ್ಬೂರಿನ ಹತ್ತಿರ ಹುಲ್ಲು ಹೇರಿದ ಟ್ರ್ಯಾಕ್ಟರ್ ರಸ್ತೆಯ ತುಂಬ ತೂಗಾಡುತ್ತ ಹೋಗುತ್ತಿತ್ತು. ಮಂಗಳಾ ತಾಳ್ಮೆಯಿಂದ ಅದರ ಹಿಂದೆಯೇ ಹೋದಳು. ಅತ್ತೆಯ ದನಿ ಗಾಳಿಯನ್ನು ಸೀಳಿಕೊಂಡು ನನ್ನವರೆಗೂ ಬಂತು: "ಹಾರ್ನ್ ಹೊಡಿಯೇ! ಎಷ್ಟೊತ್ತು ಅವ್ನ್ ಹಿಂದೆ ಹೋಯ್ತೀಯ? ಜಾಗ ಐತೆ, ನುಗ್ಗು!" ಹೇಳಿದ್ದಷ್ಟೇ ಅಲ್ಲ, ಕಿಟಕಿಯಿಂದ ಕೈ ಚಾಚಿ, ಹುಟ್ಟಿನಿಂದಲೂ ಅದೇ ಕೆಲಸದಲ್ಲಿದ್ದ ಲಾರಿ ಕ್ಲೀನರನಂತೆ, ಟ್ರ್ಯಾಕ್ಟರಿನವನಿಗೆ ಬದಿಗೆ ಸರಿಯಲು ಸನ್ನೆ ಮಾಡಿದರು. ಹೆದರಿಕೆಯ ಕೆಲಸ ಈಗ ನನಗೆ ಬಂದಿತ್ತು. ನಾನು ಸಸಿಯ ಬುಡವೊಂದನ್ನು ತಬ್ಬಿಕೊಂಡೆ.

ಹೆಬ್ಬೂರಿನೊಳಗೆ ಗಾಡಿಗಳು ಸಿಕ್ಕಿಕೊಂಡು ನಿಲ್ಲಬೇಕಾಯಿತು. ನಮ್ಮ ಎಡಪಕ್ಕಕ್ಕೆ ಒಂದು ಬಸ್ಸು ಬಂದು ನಿಂತಿತು. ಎಂದಿನಂತೆಯೇ ಕಿಟಕಿಗಳಲ್ಲಿ ಒಂದೊಂದಾಗಿ ತಲೆಗಳು ತಿರುಗಿ, ಸ್ಟಿಯರಿಂಗ್ ಹಿಡಿದ ಹೆಂಗಸಿನ ಮೇಲೆ ಕಣ್ಣುಗಳು ನೆಟ್ಟವು. ಇಷ್ಟು ವರ್ಷ ಯಾವ ಕಣ್ಣುಗಳಿಗೆ ಹೆದರಿ ಕಲ್ಲುಪ್ಪು ಕಟ್ಟಿದ್ದರೋ ಆ ಕಣ್ಣುಗಳು ಈಗ ಅತ್ತೆಯ ಮುಖದಿಂದ ಒಂದು ಮಾರು ದೂರದಲ್ಲಿದ್ದವು, ಕೈಯಲ್ಲಿ ಒಂದು ಹರಳು ಉಪ್ಪೂ ಇರಲಿಲ್ಲ. ಅವರು ಸೆರಗನ್ನು ತಲೆಯ ಮೇಲೆಳೆದುಕೊಳ್ಳಲು ಕೈ ಎತ್ತಿದ್ದು ಗಾಜಿನಲ್ಲಿ ಕಂಡಿತು. ಎತ್ತಿದ ಕೈ ಅಲ್ಲೇ ತಡೆಯಿತು. ಮಗಳ ಕಡೆಗೊಮ್ಮೆ ತಿರುಗಿ ನೋಡಿದರು. ಅವಳು ರಸ್ತೆಯ ಮೇಲೆ ಕಣ್ಣಿಟ್ಟು, ಗೇರಿನ ಮೇಲೆ ಕೈಯಿಟ್ಟು, ನೆಟ್ಟಗೆ ಕೂತಿದ್ದಳು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದರು:

"ನೋಡ್ರಪ್ಪ, ಚೆನ್ನಾಗ್ ನೋಡಿ. ನನ್ ಮಗ್ಳು ಕಣ್ರಪ್ಪ ಅವ್ಳು."